ಎಡಗಡೆಯ ಗಾಲಿ

ಎಣ್ಣೆಯ ಪರಾತ ಇದ್ದಲ್ಲೇ ಇತ್ತು. ಟ್ರಕ್ಕು ಮಾತ್ರ ಅದರಿಂದ ಒಂದು ಗೇಣು ಆಚೆ ನಿಂತಿತ್ತು.

ಮಾರ್ಕೆಟ್ ಯಾರ್ಡಿನಿಂದ ಎರಡು ಬಸ್ಸು ಬದಲಿಸಿ ಚೆಂಡುಹೂವಿನ ಚೀಲಗಳನ್ನು ಹೊತ್ತು ತಂದಿದ್ದ ರೇಣು ಅವನ್ನು ಗೇಟಿನ ಹತ್ತಿರವೇ ಇಳಿಸಿಬಿಟ್ಟಳು. ವರ್ಷಗಳಿಂದ ಆ ಟ್ರಕ್ಕಿನ ಗೇರ್ ಬಾಕ್ಸು ಹನಿಸುವ ಎಣ್ಣೆ, ಹಿಂದೆ ಹಿಟ್ಟು ನಾದುತ್ತಿದ್ದ, ಅಂಚು ಸೊಟ್ಟಾದ ಆ ಹಳೆಯ ಪರಾತದ ನಟ್ಟನಡುವೆ ಬೀಳುತ್ತಿತ್ತು. ಬೀಳುವಂತೆ ಇಟ್ಟವಳು ಅವಳೇ. ಈಗ ಎಣ್ಣೆ ಪಕ್ಕದ ಫರಸಿಗಲ್ಲಿನ ಮೇಲೆ ಹನಿದು ರೂಪಾಯಿಯಗಲ ಕಪ್ಪಾಗಿತ್ತು. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದಳು, ಇನ್ನೂ ಬೆಚ್ಚಗಿತ್ತು. ಕುಕ್ಕರಗಾಲಲ್ಲಿ ಕೂತು ಗಾಲಿಗಳನ್ನು ನೋಡಿದಳು. ಟೈರಿನ ಸಂದುಗಳಲ್ಲಿ ಹಸಿ ಮಣ್ಣು. ಎಡಗಡೆ ಹಿಂದಿನ ಗಾಲಿಯಲ್ಲಿ ಒಂದು ಮೊಳೆಯ ತಲೆ ಹೊಳೆಯುತ್ತಿತ್ತು.

ಪುಣೆಯ ಯೆರವಡಾದ ಆ ಅಂಗಳದೊಳಗೆ ಹಿಂದಕ್ಕೂ ಮುಂದಕ್ಕೂ ಹತ್ತು ಹೆಜ್ಜೆ ಆಡಿದ್ದು ಬಿಟ್ಟರೆ ಈ ಟ್ರಕ್ಕು ಏಳು ವರ್ಷದಲ್ಲಿ ಒಮ್ಮೆಯೂ ಗೇಟು ದಾಟಿರಲಿಲ್ಲ. ನಾಳೆ ಖಂಡೇನವಮಿ, ಆಯುಧಪೂಜೆ. ನಾಳೆ ದಾಟಬೇಕಿತ್ತು.

ಕಟ್ಟೆಯ ಮೇಲೆ ಅತ್ತೆ ಶಿವಬಸವ್ವ ಬತ್ತಿ ಹೊಸೆಯುತ್ತ ಕೂತಿದ್ದಳು. ಸೊಸೆ ನೋಡುವುದನ್ನು ನೋಡಿ ತಾನಾಗಿಯೇ ಹೇಳಿದಳು.

"ಮಾಂತು ಒಂದ್ ರೌಂಡ್ ಹೊಡಕೊಂಡ್ ಬಂದ. ದೋಸ್ತರ ಬಂದಿದ್ರು ನಾಕ ಮಂದಿ. ಜೇಲಿನ ಗೋಡಿ ತನಕ ಹೋಗಿದ್ರಂತ."

"ಮಾವಾರ ಏನೂ ಅನ್ಲಿಲ್ಲೇನ್ರಿ?"

"ಅವ್ರ್ಯಾಕ ಅಂತಾರ? ಅವ್ರೂ ಬಾಜೂಕ ಕುಂತಿದ್ರು. ಟೊಪ್ಪಿಗಿ ಹಾಕ್ಕೊಂಡು."

ಗಂಡ ಗಾಡಿ ಹೊಡೆದುಕೊಂಡು ಹೋದದ್ದನ್ನು ರೇಣು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು, ಅದು ಅವಳಿಗೆ ರೂಢಿಯಾದ ಕೆಲಸ. ಆದರೆ ಮಾವ ಟೊಪ್ಪಿಗೆ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು ಎನ್ನುವುದು ಗಂಟಲಿನಿಂದ ಕೆಳಗಿಳಿಯಲಿಲ್ಲ. ಇವಳನ್ನು ಹೂವಿಗೆಂದು ಅಷ್ಟು ದೂರ ಕಳಿಸಿದವರೂ ಅವರೇ. ಹೂವು ಯೆರವಡಾದ ಚೌಕದಲ್ಲೂ ಸಿಗುತ್ತದೆ.

ಟ್ರಕ್ಕೂ ರೇಣುವೂ ಈ ಮನೆಗೆ ಬಂದದ್ದು ಒಂದೇ ತಿಂಗಳಲ್ಲಿ, ತೊಂಬತ್ತಾರರಲ್ಲಿ. ಮಾವ ರಾಮಲಿಂಗಪ್ಪ ಆಗಷ್ಟೇ ಖಡಕಿಯ ಮಿಲಿಟರಿ ವರ್ಕ್‌ಶಾಪಿನಿಂದ ನಿವೃತ್ತನಾಗಿದ್ದ. ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನು. ಇಂಡಿ ಕಡೆಯವನಾದರೂ ಊರಿನ ಹೊಲದ ಮಣ್ಣಿಗಿಂತ ಗ್ರೀಸಿನ ವಾಸನೆಯೇ ಅವನಿಗೆ ಹತ್ತಿರ. ಮಗನಿಗೆ ಕನ್ಯೆ ನೋಡಲಿಕ್ಕೆ ದೌಂಡಿಗೆ ಹೋದ. ರೇಣುವಿನ ಅಪ್ಪ ಈರಣ್ಣ ಅಲ್ಲಿ ರೈಲ್ವೆಯಲ್ಲಿದ್ದ. ಉಪ್ಪಿಟ್ಟು ತಿಂದು, ಹುಡುಗಿಯನ್ನು ನೋಡಿ, ಕಬ್ಬಿನ ಹೊಲದ ಬದುವಿನಲ್ಲಿ ಕಾಲಾಡಿಸಲು ಹೋದಾಗ ಜಾಲಿಯ ಗಿಡದ ಕೆಳಗೆ ಈ ಟ್ರಕ್ಕು ಕಂಡಿತು. ಹಳೆಯ ವಿಲ್ಲೀಸ್, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥದ್ದು, ಕೆಸರು ಕಲ್ಲು ಎನ್ನದೆ ಏರುವಂಥದ್ದು. ಡ್ರೈವರನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಹುಡುಗಿಯದೂ ಗಾಡಿಯದೂ ಎರಡೂ ಮಾತು ಮುಗಿಸಿಯೇ ರಾಮಲಿಂಗಪ್ಪ ಪುಣೆಗೆ ಮರಳಿದ.

"ಕನ್ಯಾ ನೋಡಾಕ ಹೋದಾಂವ ಗಾಡಿ ನೋಡ್ಕೊಂಡ ಬಂದಾನ," ಎಂದು ಶಿವಬಸವ್ವ ಓಣಿಯ ಹೆಂಗಸರ ಮುಂದೆಲ್ಲ ಹೇಳಿ ನಕ್ಕಿದ್ದಳು. "ಹುಡುಗಿ ಹೆಂಗದಾಳ್ರಿ ಅಂದ್ರ, ಚಾಸಿ ಗಟ್ಟಿ ಅದ ಅಂತಾನ."

ಮೊದಲ ವರ್ಷ ಬಿಚ್ಚುವುದರಲ್ಲೇ ಹೋಯಿತು. ಬಿಚ್ಚಿದ್ದನ್ನೆಲ್ಲ ರಾಮಲಿಂಗಪ್ಪ ಹಳೆಯ ಸೀರೆಯ ತುಂಡುಗಳಲ್ಲಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟ. ಆಮೇಲೆ ಅವನ ಬಲಗೈ ನಡುಗಲಿಕ್ಕೆ ಶುರುವಾಯಿತು. ಮೊದಮೊದಲು ಚಹಾದ ಬಸಿಯಲ್ಲಿ ಅಲೆ ಏಳುತ್ತಿತ್ತು, ಅಷ್ಟೇ. ಒಂದು ದಿನ ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಚಿಕ್ಕ ತಿರುಪನ್ನು ಕೂರಿಸುತ್ತಿದ್ದವನ ಕೈಯಿಂದ ಅದು ಮೂರು ಸಲ ಜಾರಿಬಿತ್ತು. ಮೂರನೆಯ ಸಲ ಅವನು ಅದನ್ನು ಹೆಕ್ಕಲಿಲ್ಲ. ಬಟ್ಟೆ ಒಣಹಾಕುತ್ತಿದ್ದ ರೇಣು ಬಂದು ಹೆಕ್ಕಿದಳು. "ನಾ ಹಿಡೀಲೇನ್ರಿ ಮಾವಾರ?" ಎಂದಳು. ಹಿಡಿದಳು, ಕೂರಿಸಿದಳು. ಕಾಗದದಷ್ಟು ತೆಳುವಾದ ಸಂದನ್ನು ಅಳತೆಯ ಪಟ್ಟಿಯಿಂದ ಅಳೆದು ಬಿಗಿಮಾಡಿದಳು. ಸಣ್ಣವಳಿದ್ದಾಗ ಅಪ್ಪನ ಬುತ್ತಿ ಒಯ್ದು ಕೊಟ್ಟು ಎಂಜಿನ್ನುಗಳ ಕೆಳಗೇ ಬೆಳೆದವಳು. ಅವಳಿಗೆ ಗ್ರೀಸು ಹೇಸಿಗೆಯಲ್ಲ.

ಅಲ್ಲಿಂದ ಮುಂದಿನ ಆರು ವರ್ಷ ಕೈ ಅವಳದು, ಕಣ್ಣು ಅವನದು. ವಾಲ್ವುಗಳನ್ನು ಪೇಸ್ಟು ಹಚ್ಚಿ ತಿಕ್ಕಿದಳು, ಅಂಚಿನಲ್ಲಿ ಬೂದು ಬಣ್ಣದ ಗೆರೆ ಸುತ್ತ ಒಂದೇ ಸಮ ಮೂಡುವವರೆಗೆ. ಮಗಳು ಸ್ನೇಹಲ್ ಹೊಟ್ಟೆಯಲ್ಲಿದ್ದಾಗ ಚಾಸಿಯ ಕೆಳಗೆ ನುಸುಳಲಾಗದೆ ಕಾರ್ಬೊರೇಟರನ್ನು ಅಡಿಗೆಯ ಕಟ್ಟೆಗೇ ತಂದಳು, ಒಲೆಯ ಮೇಲೆ ಬೇಳೆ, ಪಕ್ಕದಲ್ಲಿ ಅದರ ಸಣ್ಣ ತೂತಿನ ಜೆಟ್ಟುಗಳು. ಬೆರಳಿನ ಉಗುರು ಎಂದೂ ಬೆಳ್ಳಗಾಗಲಿಲ್ಲ. ಅರಿಶಿನ ಕುಂಕುಮಕ್ಕೆ ಹೋದಲ್ಲಿ ಹೆಂಗಸರು ಅವಳ ಕೈ ನೋಡಿ ಮೂಗು ಮುರಿದರು. ಅವಳಿಗೆ ಅದರ ಪರಿವೆಯೂ ಇರಲಿಲ್ಲ, ಅಷ್ಟು ಸುಖವಾಗಿದ್ದಳು.

ಒಂದು ತಪ್ಪನ್ನು ಮಾತ್ರ ಅವಳು ಮರೆತಿರಲಿಲ್ಲ. ತೊಂಬತ್ತೆಂಟರಲ್ಲಿ, ಮಾವ ಒಳಗೆ ಸ್ನಾನಕ್ಕೆ ಹೋದಾಗ, ಎಡಗಡೆಯ ಗಾಲಿ ತಾನೇ ಬಿಚ್ಚೋಣವೆಂದು ನಟ್ಟು ತಿರುಗಿಸುವ ಪಾನಾ ಹಾಕಿ, ಅದರ ಮೇಲೆ ನಿಂತು ಮೈಭಾರ ಬಿಟ್ಟಳು. ಬೋಲ್ಟು ಕಟ್ಟೆಂದು ಮುರಿದುಹೋಯಿತು. ಅಳುಮೋರೆ ಹಾಕಿ ನಿಂತವಳನ್ನು ನೋಡಿ ರಾಮಲಿಂಗಪ್ಪ ಟವೆಲು ಉಟ್ಟುಕೊಂಡೇ ಹೊಟ್ಟೆ ಹಿಡಿದು ನಕ್ಕಿದ್ದ.

"ಎಡಗಡೆ ಗಾಲೀದು ಉಲ್ಟಾ ಬುದ್ಧಿ, ರೇಣವ್ವ. ಗಾಡಿ ಓಡಿದಂಗೆಲ್ಲ ನಟ್ಟು ಸಡಲ್ ಆಗಬಾರದು ಅಂತ ಹಂಗ ಮಾಡ್ಯಾರ. ಬಲಗಡೆ ಬಿಗಿ ಮಾಡಾಕ ಹೆಂಗ ತಿರುವ್ತಿ, ಎಡಗಡೆ ಬಿಚ್ಚಾಕ ಹಂಗ ತಿರುವು. ಗೊತ್ತಿಲ್ಲದಾಂವ ಬಿಚ್ಚಾಕ ಹೋಗಿ ಇನ್ನೂ ಬಿಗೀತಾನ, ಬಿಗದು ಬಿಗದು ಮುರೀತಾನ. ವರ್ಕ್‌ಶಾಪಿನ್ಯಾಗ ಹೊಸಾ ಹುಡುಗ್ರನ್ನ ಹಿಂಗ ಹಿಡೀತಿದ್ವಿ ನಾವು."

ಅಂಥದೇ ಇನ್ನೊಂದು ಬೋಲ್ಟಿಗಾಗಿ ಇಬ್ಬರೂ ನಾಲ್ಕು ಭಾನುವಾರ ಹಳೆಯ ಸಾಮಾನಿನ ಜುನಾ ಬಜಾರಿನ ಧೂಳಿನಲ್ಲಿ ಕೂತು ಕಬ್ಬಿಣ ಕೆದಕಿದ್ದರು. ಮುರಿದದ್ದನ್ನು ರೇಣು ಎಸೆಯಲಿಲ್ಲ, ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಳು.

ಜನ ಬಂದಾಗ ಮಾತ್ರ ಬೇರೆ ಪದ್ಧತಿ. ಹಳೆಯ ಗೆಳೆಯರು, ಸಮಾಜದವರು, ಓಣಿಯ ಮರಾಠಿ ಗಂಡಸರು ಆಗಾಗ ಗಾಡಿ ನೋಡಲು ಬರುತ್ತಿದ್ದರು. ಅವರೆದುರು ರಾಮಲಿಂಗಪ್ಪ ಮಡ್‌ಗಾರ್ಡಿನ ಪಕ್ಕ ಸ್ಟೂಲಿನ ಮೇಲೆ ಪಾನಾ ಹಿಡಿದು ಕೂರುತ್ತಿದ್ದ. ನಡುಗುವ ಕೈಯನ್ನು ಪಾನಾದ ಭಾರ ಸ್ವಲ್ಪ ಹಿಡಿದಿಡುತ್ತಿತ್ತು. ನಾಜೂಕಿನ ಕೆಲಸ ಬಂತೆಂದರೆ ಬೆರಳಿನ ಬೆಳ್ಳಿ ಉಂಗುರದಿಂದ ತಗಡಿನ ಮೇಲೆ ಎರಡು ಸಲ ಟಕ್ ಟಕ್ ಬಡಿಯುತ್ತಿದ್ದ. "ನೀವ್ ಒಳಗ ನಡೀರಿ, ಚಾ ಆಗ್ಯದ, ಇದೊಂದ್ ಮುಗಿಸಿ ಬಂದೆ," ಎಂದು ಜನರನ್ನು ಒಳಗೆ ಕಳಿಸುತ್ತಿದ್ದ. ಅವರು ಮುಂದಿನ ಬಾಗಿಲಿನಿಂದ ಒಳಗೆ ಹೋಗುವಷ್ಟರಲ್ಲಿ ರೇಣು ಹಿಂದಿನ ಬಾಗಿಲಿನಿಂದ ಬಂದು, ಕೆಲಸ ಮಾಡಿ, ಪಾನಾವನ್ನು ಅವನ ಕೈಗೆ ಕೊಟ್ಟು, ಕೈ ತೊಳೆದು, ಬಿಸ್ಕೀಟಿನ ಬಸಿ ಹಿಡಿದು ಅವರೆದುರು ನಿಂತಿರುತ್ತಿದ್ದಳು. ಹೊರಗೆ ಬಂದವರು, "ಭಲೇ ರಾಮಲಿಂಗಪ್ಪ, ಇನ್ನೂ ಕೈಯಾಗ ಕಸುವ ಅದ ನೋಡಪ," ಎನ್ನುತ್ತಿದ್ದರು. ಮಾವ ಸೊಸೆ ಒಬ್ಬರನ್ನೊಬ್ಬರು ನೋಡಿ ನಗು ಅದುಮಿಕೊಳ್ಳುತ್ತಿದ್ದರು. ಆಗ ಅದು ಇಬ್ಬರ ಆಟವೆಂದೇ ಅವಳು ತಿಳಿದಿದ್ದಳು.

ಹೋದ ವರ್ಷ ಯುಗಾದಿಯ ಮರುದಿನ ಎಂಜಿನ್ನು ಮೊದಲ ಸಲ ಹತ್ತಿಕೊಂಡಿತು. ಎರಡು ಸಲ ಕೆಮ್ಮಿ, ಒಂದು ಸಲ ಕಪ್ಪು ಹೊಗೆ ಉಗುಳಿ, ಆಮೇಲೆ ಸಮನಾಗಿ ತಿರುಗತೊಡಗಿತು. ರಾಮಲಿಂಗಪ್ಪನ ಕಣ್ಣಲ್ಲಿ ನೀರು. ಅವಳ ತಲೆಯ ಮೇಲೆ ನಡುಗುವ ಕೈಯಿಟ್ಟು ಹೇಳಿದ್ದ: "ರೇಣವ್ವ, ಇದು ರಸ್ತಾಕ್ಕ ಇಳಿಯೂ ದಿನ ಸ್ಟೇರಿಂಗು ನಿನ್ನ ಕೈಯಾಗ. ನಾ ಬಾಜೂಕ ಕೂಡಾಂವ. ಇದು ನನ್ನ ಮಾತು."

ಆ ಮಾತಿಗಾಗಿ ಅವಳು ವಿಶ್ರಾಂತವಾಡಿಯ ಡ್ರೈವಿಂಗ್ ಕ್ಲಾಸಿಗೆ ಸೇರಿ, ಒಂದು ತಿಂಗಳು ಬೆಳಗಿನ ಆರಕ್ಕೆ ಎದ್ದು ಹೋಗಿ, ಲೈಸೆನ್ಸು ಮಾಡಿಸಿಕೊಂಡಳು. ಅದು ದೇವರ ಜಗಲಿಯ ಫೋಟೊದ ಹಿಂದೆ ಕೂತಿತ್ತು. "ಲೈಸನ್ಸ್ ತಗೊಂಡ್ ಏನ್ ಬಸ್ ಹೊಡೀತಿಯೇನು?" ಎಂದು ಮಾಂತು ನಕ್ಕಿದ್ದ.

ಮಾಂತು ಕೆಟ್ಟವನೇನಲ್ಲ. ಕೆಟ್ಟವನಾಗಲಿಕ್ಕೂ ಒಂದಿಷ್ಟು ಮೈ ಬಗ್ಗಿಸಬೇಕಾಗುತ್ತದೆ. ಕೊರಿಯರ್ ಕಂಪನಿಯೊಂದರಲ್ಲಿ ಕ್ಲಾರ್ಕು. ಬರುವುದು, ಉಣ್ಣುವುದು, ಟೀವಿ. ತನ್ನನ್ನು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಹಚ್ಚಲಿಲ್ಲವೆಂದು ಅಪ್ಪನ ಮೇಲೆ ಹಳೆಯ ಮುನಿಸು. ಟ್ರಕ್ಕಿಗೆ ಅವನಿಟ್ಟ ಹೆಸರು ಭಂಗಾರ, ಮರಾಠಿಯಲ್ಲಿ ಗುಜರಿ. ಏಳು ವರ್ಷ ಅದರ ಪಕ್ಕದಲ್ಲೇ ಸ್ಕೂಟರು ನಿಲ್ಲಿಸಿಯೂ ಅದಕ್ಕೊಂದು ಕೈ ತಾಗಿಸಿದವನಲ್ಲ. ಈ ಶ್ರಾವಣದಲ್ಲಿ ಅದಕ್ಕೆ ಹಸಿರು ಬಣ್ಣ ಬಿತ್ತು. ರಾಮಲಿಂಗಪ್ಪನ ಹಳೆಯ ಜೊತೆಗಾರ ಧರ್ಮಣ್ಣ ಬಂದು ನೋಡಿ, ಮರಾಠಿ ಪೇಪರಿನವರಿಗೆ ಹೇಳಿ, ಖಂಡೇನವಮಿಯ ದಿನ ಫೋಟೊ ತೆಗೆಯಲು ಬರುತ್ತಾರೆಂದು ಸುದ್ದಿ ತಂದ. ಅಂದಿನಿಂದ ಮಾಂತು ಬೆಳಿಗ್ಗೆ ಎದ್ದು ಗಾಜು ಒರೆಸತೊಡಗಿದ.

ರೇಣು ಹೂವನ್ನು ಒಳಗಿಟ್ಟು ಬಂದಾಗ ರಾಮಲಿಂಗಪ್ಪ ಸ್ಟೂಲಿನ ಮೇಲೆ ಕೂತಿದ್ದ. ಟೊಪ್ಪಿಗೆ ತೊಡೆಯ ಮೇಲಿತ್ತು. ಅವಳು ಸುತ್ತುಬಳಸಿ ಮಾತಾಡುವವಳಲ್ಲ.

"ನಾಳೆ ಸ್ಟೇರಿಂಗು ಯಾರದ್ರಿ, ಮಾವಾರ?"

ಅವನು ಗಾಡಿಯ ಕಡೆ ನೋಡಿದ. "ರೇಣವ್ವ, ಆಂವ ಇವತ್ತ ನನ್ನ ಬಾಜೂಕ ಕುಂತ ಅಪ್ಪಾ ಅಂದ. ನಾಕ ಮಂದ್ಯಾಗ. ಎಷ್ಟ ವರ್ಷ ಆಗಿತ್ತ ಗೊತ್ತೇನು?"

"ನಾ ಅದನ್ನ ಕೇಳ್ಲಿಲ್ರಿ."

"ಪೇಪರಿನಾಂವ ಬರ್ತಾನ. ಸಮಾಜದ ಮಂದಿ ಬರ್ತಾರ. ಸೊಸೀ ಕಡಿಂದ ದುಡಿಸ್ಕೊಂಡು ತಾ ಹೆಸರ ತಗೊಂಡಾನ ಅಂತಾರವ್ವ. ನನ್ನ ಕೈ ಹೋಗ್ಯದ ಅಂತ ಎಲ್ಲಾರಿಗೂ ಗೊತ್ತಾಗ್ತದ."

"ನನಗ ಹೆಸರ ಬ್ಯಾಡ್ರಿ. ನೀವು, ನಿಮ್ಮ ಮಗಾ ಮಾಡೀರಿ ಅಂತ ಬೇಕಾದ್ರ ಬರಸ್ರಿ. ಸ್ಟೇರಿಂಗು ಅಷ್ಟ. ಗೇಟ್ ದಾಟೂ ತನಕ. ನೀವ ಮಾತ ಕೊಟ್ಟಿದ್ರಿ."

ರಾಮಲಿಂಗಪ್ಪ ಟೊಪ್ಪಿಗೆಯ ಅಂಚು ಸವರಿದ. "ಮಂದಿ ಹೋದಮ್ಯಾಲ ನೀ ಎಷ್ಟ ಬೇಕಾದ್ರೂ ಹೊಡಿ. ಯಾರ ಬ್ಯಾಡಂತಾರ? ಗಾಡಿ ಎಲ್ಲಿ ಓಡಿ ಹೊಂಟದ?"

ಮಂದಿ ಹೋದಮೇಲೆ. ಮಿಕ್ಕಿದ ಸಾರನ್ನು ಹೆಂಗಸರು ಉಣ್ಣುವ ಹೊತ್ತಿಗೆ. ಎಡಗಡೆಯ ಗಾಲಿಯಲ್ಲಿ ಮೊಳೆ ಇದೆಯೆಂದು ಹೇಳಲಿಕ್ಕೂ ರೇಣು ಬಂದಿದ್ದಳು. ತೆಗೆದು ಪ್ಯಾಚು ಹಾಕಲು ಅವಳಿಗೆ ಅರ್ಧ ತಾಸು ಸಾಕು. ಹೇಳಲಿಲ್ಲ. ಒಳಗೆ ಹೋಗಿ ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದಳು.

ಬೆಳಿಗ್ಗೆ ಒಂಬತ್ತಕ್ಕೆ ಅಂಗಳ ತುಂಬಿತು. ಟ್ರಕ್ಕಿನ ಬಾನೆಟ್ಟಿಗೆ ವಿಭೂತಿಯ ಮೂರು ಗೆರೆ, ಚೆಂಡುಹೂವಿನ ಮಾಲೆ, ಮುಂದಿನ ಗಾಲಿಗಳ ಅಡಿಗೆ ಎರಡು ಲಿಂಬೆಹಣ್ಣು. ಪಾನಾಗಳು, ಸುತ್ತಿಗೆ, ಗ್ರೀಸಿನ ಪಿಚಕಾರಿ ಎಲ್ಲ ಮಣೆಯ ಮೇಲೆ ಸಾಲಾಗಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದವಳು ರೇಣು, ಇಟ್ಟವಳೂ ಅವಳೇ. ಮಾಂತು ಹೊಸ ಜುಬ್ಬಾ ತೊಟ್ಟು, ಅಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದ. ರಾಮಲಿಂಗಪ್ಪನ ಮುಖ ನೋಡಿದರೆ ಅವನ ಮೇಲೆ ಸಿಟ್ಟು ಮಾಡುವುದೂ ಕಷ್ಟವಾಗಿತ್ತು, ಅಷ್ಟು ಸಂತೋಷ. ರೇಣು ಕಷ್ಟಪಟ್ಟು ಸಿಟ್ಟು ಮಾಡಿದಳು.

ಪೇಪರಿನ ಹುಡುಗ ಸ್ವಪ್ನಿಲ್ ಮರಾಠಿಯಲ್ಲಿ ಕೇಳಿದ, ಇದನ್ನೆಲ್ಲ ಮನೆಯಲ್ಲೇ ಮಾಡಿದಿರಾ, ಕಾಕಾ?

"ಮನೆಯಲ್ಲೇ," ಎಂದು ರಾಮಲಿಂಗಪ್ಪ ಮರಾಠಿಯಲ್ಲೇ ಹೇಳಿದ. "ನಾನು ಮತ್ತು ನನ್ನ ಮಗ. ಏಳು ವರ್ಷ. ನಾಲ್ಕೂ ಗಾಲಿ, ಎಂಜಿನ್ನು, ಗೇರ್ ಬಾಕ್ಸು, ಒಂದೊಂದು ನಟ್ಟೂ ಇವನೇ ಬಿಚ್ಚಿ ಕಟ್ಟಿದ್ದು. ನಾನು ಬರೀ ಹೇಳುತ್ತಿದ್ದೆ."

ಧರ್ಮಣ್ಣ ತಲೆಯಾಡಿಸಿದ. ಸ್ವಪ್ನಿಲ್ ಬರೆದುಕೊಂಡ. ಆರತಿಯ ತಟ್ಟೆ ಹಿಡಿದು ನಿಂತಿದ್ದ ರೇಣುವಿನ ಕಡೆ ನೋಡಿ, ವಹಿನಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೀರಾ, ಫೋಟೊಕ್ಕೆ ನೆರಳು ಬೀಳುತ್ತದೆ ಎಂದ. ಅವಳು ಸರಿದಳು.

ತೆಂಗಿನಕಾಯಿ ಒಡೆದು ಮಾಂತು ಹತ್ತಿ ಕೂರಬೇಕು ಎನ್ನುವಾಗ ಯಾರೋ ಹೇಳಿದರು, ಗಾಡಿ ಹಿಂದೆ ವಾಲಿದೆಯಲ್ಲ ಎಂದು. ಎಡಗಡೆ ಹಿಂದಿನ ಟೈರು ರಾತ್ರಿಯೆಲ್ಲ ಉಸಿರು ಬಿಟ್ಟು ನೆಲ ಕಚ್ಚಿತ್ತು. ಜನರಲ್ಲಿ ಗುಜುಗುಜು ಎದ್ದಿತು. ಹಬ್ಬದ ದಿನ ಹೀಗಾಯಿತಲ್ಲ ಎಂದು ಶಿವಬಸವ್ವ ಕೆನ್ನೆ ಬಡಿದುಕೊಂಡಳು. ಸ್ವಪ್ನಿಲ್ ಮಾತ್ರ ಖುಷಿಯಾದ. ಒಳ್ಳೆಯದೇ ಆಯಿತು, ದಾದಾ ಗಾಲಿ ಬದಲಿಸುತ್ತಿರುವ ಫೋಟೊ ತೆಗೆಯೋಣ, ಕೆಲಸ ಮಾಡಿದ ಕೈ ಕಾಣಲಿ ಎಂದ.

ಮಾಂತು ಜುಬ್ಬಾದ ತೋಳು ಮಡಚಿದ. ಮಣೆಯ ಮೇಲಿನ ಪಾನಾಗಳನ್ನು ಒಮ್ಮೆ ನೋಡಿದ, ಯಾವುದೆಂದು ತಿಳಿಯಲಿಲ್ಲ.

"ರೇಣು, ಪಾನಾ ತಾ."

ಅವಳು ಸರಿಯಾದದ್ದನ್ನೇ ಎತ್ತಿ ಕೊಟ್ಟಳು. ಕುಂಕುಮ ಅವನ ಅಂಗೈಗೆ ಹತ್ತಿತು.

"ಇದ ಹೌದಲ್ಲ?"

"ಹೌದ್ರಿ."

ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅವನು ಅಷ್ಟನ್ನೇ ಕೇಳಿದ್ದ. ಮೊದಲ ನಟ್ಟಿಗೆ ಪಾನಾ ಹಾಕಿ, ಊರೆಲ್ಲ ಬಿಚ್ಚುವಂತೆ ಎಡಕ್ಕೆ ತಿರುವತೊಡಗಿದ. ನಟ್ಟು ಅಲುಗಲಿಲ್ಲ. ಕ್ಯಾಮರಾ ಕ್ಲಿಕ್ಕೆಂದಿತು. ಮತ್ತೆ ಒತ್ತಿದ. ಕುತ್ತಿಗೆಯ ನರ ಉಬ್ಬಿತು.

ಟಕ್ ಟಕ್.

ಮುಂದಿನ ಮಡ್‌ಗಾರ್ಡಿನ ಪಕ್ಕದ ಸ್ಟೂಲಿನಿಂದ ಸದ್ದು ಬಂತು. ರೇಣು ನೋಡಿದಳು. ಮಾವ ಅವಳನ್ನೇ ನೋಡುತ್ತಿದ್ದ. ಕಣ್ಣಲ್ಲೇ ಮಗನ ಕಡೆ ತೋರಿಸಿದ. ಬಾಯಿಬಿಟ್ಟು ಉಲ್ಟಾ ತಿರುವೋ ಎಂದು ಅವನೇ ಕೂಗಬಹುದಿತ್ತು, ನಾಲಿಗೆಯೇನೂ ನಡುಗುತ್ತಿರಲಿಲ್ಲ. ಆದರೆ ಒಂದೊಂದು ನಟ್ಟೂ ಇವನೇ ಕಟ್ಟಿದ್ದೆಂದು ಹೇಳಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ನೀನು ಹೋಗಿ ಕಿವಿಯಲ್ಲಿ ಹೇಳು, ಎನ್ನುತ್ತಿತ್ತು ಆ ಕಣ್ಣು.

ಟಕ್ ಟಕ್.

"ಪೈಪ್ ಅದ ಏನ ಒಂದು?" ಎಂದು ಮಾಂತು ಬೆವರೊರೆಸಿದ. "ಪಾನಾಕ್ಕ ಹಾಕಿ ಎಳದ್ರ ಬರ್ತದ."

ಷೆಡ್ಡಿನ ಮೂಲೆಯಲ್ಲಿ ಮೂರಡಿ ಉದ್ದದ ಪೈಪು ಇತ್ತು. ಎಲ್ಲಿದೆಯೆಂದು ಮನೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ರೇಣು ಹೋಗಿ ತಂದಳು. ಗಂಡನ ಕೈಗೆ ಕೊಡುವಾಗ ಅವನ ಕಿವಿ ಅವಳ ಬಾಯಿಗೆ ಒಂದು ಮೊಳ ದೂರದಲ್ಲಿತ್ತು. ಒಂದು ಮಾತು ಸಾಕಾಗಿತ್ತು. ಹಿಂದಿರುಗಿ ಬಂದು ತನ್ನ ಜಾಗದಲ್ಲಿ, ಫೋಟೊಕ್ಕೆ ನೆರಳು ಬೀಳದ ಕಡೆ, ನಿಂತಳು.

ಮಾಂತು ಪೈಪಿಗೆ ಮೈಯೆಲ್ಲ ಜೋತುಬಿದ್ದ. ಕಟ್ಟೆಂಬ ಸದ್ದಾಯಿತು. ಅವನು ಅಂಗಾತ ಬಿದ್ದ, ಹೊಸ ಜುಬ್ಬಾ ಪೂಜೆಗೆಂದು ಪಕ್ಕಕ್ಕೆ ಎಳೆದಿಟ್ಟಿದ್ದ ಎಣ್ಣೆಯ ಪರಾತದೊಳಗೆ. ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಆ ಸದ್ದಿಗೆ ರೇಣುವಿನ ಹಲ್ಲಿನ ಬೇರೆಲ್ಲ ಜುಮ್ಮೆಂದಿತು. ಜುನಾ ಬಜಾರಿನ ನಾಲ್ಕು ಭಾನುವಾರ ಅದು.

"ತುಕ್ಕ ಹಿಡದದ," ಎಂದು ಮಾಂತು ಎದ್ದು, ಎರಡನೆಯ ನಟ್ಟಿಗೆ ಪಾನಾ ಹಾಕಿದ.

ತುಕ್ಕಂತೆ. ಶ್ರಾವಣದಲ್ಲಿ ಒಂದೊಂದು ಬೋಲ್ಟಿಗೂ ಬೆರಳಿನಿಂದ ಗ್ರೀಸು ಸವರಿದ್ದಳು ಅವಳು.

ಧರ್ಮಣ್ಣ ಮುಂದೆ ಬಂದು ಮಾಂತುವಿನ ಕೈ ಹಿಡಿದ. "ತಡೀಯಪ, ತಡಿ. ಎಡಗಡೆ ಗಾಲಿ ಇದು. ನೀ ಬಿಚ್ಚಾಕತ್ತಿಲ್ಲ, ಬಿಗಿ ಮಾಡಾಕತ್ತಿ." ಮುರಿದ ತುಂಡನ್ನು ಹೆಕ್ಕಿ, ಸುತ್ತುಗಳನ್ನು ಹೆಬ್ಬೆರಳಿನಿಂದ ತಡವಿ, ಅದರ ಸಂದಿನ ಹೊಸ ಗ್ರೀಸನ್ನು ಮೂಸಿ ನೋಡಿದ. ಆಮೇಲೆ ಸ್ಟೂಲಿನ ಕಡೆ ತಿರುಗಿದ. ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಕೆಲಸ ಮಾಡಿದ ಮನುಷ್ಯ, ದನಿ ಏರಿಸಲಿಲ್ಲ.

"ರಾಮಲಿಂಗಪ್ಪ, ಇದನ್ನ ಕಟ್ಟಿದಾಂವ ಇಂವ ಅಲ್ಲ. ನಿನ್ನ ಕೈಯೂ ನಾ ನೋಡೀನಿ. ಖರೇ ಹೇಳು, ಯಾರ ಕಟ್ಟಿದ್ರು?"

ಸ್ವಪ್ನಿಲ್ ತನಗೆ ಕನ್ನಡ ತಿಳಿಯದಿದ್ದರೂ ಪೆನ್ನೆತ್ತಿದ. ರೇಣುವಿನ ಕೈಯಲ್ಲಿ ಆರತಿಯ ದೀಪ ಇನ್ನೂ ಉರಿಯುತ್ತಿತ್ತು. ಈಗಲಾದರೂ, ಎಂದುಕೊಂಡಳು. ಹೆಸರು ಬೇಡವೆಂದು ನಿನ್ನೆ ಹೇಳಿದ್ದು ಸುಳ್ಳೆಂದು ಅವಳಿಗೆ ಆಗ ಗೊತ್ತಾಯಿತು. ಬೇಕಾಗಿತ್ತು. ಆ ಬಾಯಿಂದ ಒಂದೇ ಒಂದು ಸಲ, ಈ ಜನರೆದುರು ಬೇಕಾಗಿತ್ತು.

ರಾಮಲಿಂಗಪ್ಪ ಮಗನ ಎಣ್ಣೆಯಾದ ಬೆನ್ನು ನೋಡಿದ. ಧರ್ಮಣ್ಣನನ್ನು ನೋಡಿದ. ಸೊಸೆಯನ್ನು ನೋಡಲಿಲ್ಲ.

"ಒಬ್ಬ ಹುಡುಗ ಬರ್ತಿದ್ದ ಕೆಲಸಕ್ಕ," ಎಂದ. "ಗಾಲೀದು ಎಲ್ಲಾ ಅವನ ಮಾಡ್ತಿದ್ದ. ಈಗ ಬಿಟ್ಟಾನ."

"ಛಲೋ ಕೈ ಇತ್ತು," ಎಂದು ಧರ್ಮಣ್ಣ ತುಂಡನ್ನು ಮಣೆಯ ಮೇಲಿಟ್ಟ.

ರೇಣು ಬಾಗಿ ದೀಪ ಆರಿಸಿದಳು.

"ಬರ್ರಿ, ಬರ್ರಿ, ಹೊತ್ತಾಗ್ಯದ," ಎಂದು ರಾಮಲಿಂಗಪ್ಪನ ದನಿ ಮತ್ತೆ ಹುರುಪಿಗೆ ಬಂತು. "ಎಲ್ಲಾರೂ ಊಟಕ್ಕ ಕೂಡ್ರಿ. ಹೋಳಿಗಿ ಆರ್ತಾವ. ಮಾಂತು, ಮಂದೀನ ಒಳಗ ಕರ್ಕೊಂಡ್ ನಡಿ. ನಾ ಇದೊಂದ್ ನೋಡಿ ಬಂದೆ. ಉಂಡ ಬರೂದ್ರಾಗ ಗಾಡಿ ತಯಾರ್ ಇರ್ತದ."

ಜನ ಮುಂದಿನ ಬಾಗಿಲಿನಿಂದ ಒಳಗೆ ಹೋದರು. ರೇಣು ಹಿಂದಿನ ಬಾಗಿಲಿಗೆ ಹೋದಳು. ಅಲ್ಲಿನ ನಲ್ಲಿಯಲ್ಲಿ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದಳು, ಉಗುರಿನ ಸಂದುಗಳನ್ನು ನಾರಿನಿಂದ ತಿಕ್ಕಿದಳು, ಸೆರಗಿಗೆ ಒರೆಸಿಕೊಂಡು ಅಡಿಗೆಮನೆಗೆ ಹೋಗಿ ಹೋಳಿಗೆಯ ಬುಟ್ಟಿ ಎತ್ತಿದಳು.

ಪಡಸಾಲೆಯಲ್ಲಿ ಪಂಕ್ತಿ ಕೂತಿತ್ತು. ಹೋಳಿಗೆಯ ಸಾರು ಕಟಂಬಲಿ ಬಡಿಸುವಾಗ ಕಿಟಕಿಯಿಂದ ಕೇಳಿಸಿತು, ಟಕ್ ಟಕ್. ತುಪ್ಪ ಬಡಿಸುವಾಗ ಮತ್ತೆ. ಮಾಂತು ಬೇರೆ ಜುಬ್ಬಾ ತೊಟ್ಟು ಬಂದು ಸ್ವಪ್ನಿಲ್‌ನ ಪಕ್ಕ ಕೂತು ಕಾರ್ಬೊರೇಟರಿನ ವಿಷಯ ಹೇಳುತ್ತಿದ್ದ. ಟಕ್ ಟಕ್, ಸ್ವಲ್ಪ ಜೋರಾಗಿ. "ಯಾರ ಬಡ್ಯಾಕತ್ಯಾರವ್ವ ಹೊರಗ?" ಎಂದು ಒಬ್ಬ ಮುದುಕಿ ಕೇಳಿದಳು. "ಮಾವಾರ ಕೆಲಸಾ ಮಾಡಾಕತ್ಯಾರ್ರಿ," ಎಂದಳು ರೇಣು.

ಎಲ್ಲರಿಗೂ ಎರಡನೆಯ ಸುತ್ತು ಬಡಿಸಿ ಆದಮೇಲೆ ಒಂದು ಸ್ಟೀಲಿನ ತಟ್ಟೆಯಲ್ಲಿ ಎರಡು ಹೋಳಿಗೆ, ಅದರ ಮೇಲೆ ತುಪ್ಪ ಹಾಕಿಕೊಂಡು ಅವಳು ಅಂಗಳಕ್ಕೆ ಬಂದಳು.

ರಾಮಲಿಂಗಪ್ಪ ಸ್ಟೂಲನ್ನು ಎಡಗಡೆ ಹಿಂದಿನ ಗಾಲಿಯ ಹತ್ತಿರ ಎಳೆದುಕೊಂಡು ಕೂತಿದ್ದ. ಎರಡೂ ಕೈಯಲ್ಲಿ ಪಾನಾ ಹಿಡಿದು ನಟ್ಟಿಗೆ ಹಾಕಲು ನೋಡುತ್ತಿದ್ದ. ಅದು ನಟ್ಟಿನ ಸುತ್ತ ಗಡಗಡ ಆಡುತ್ತಿತ್ತು, ಕೂರುತ್ತಿರಲಿಲ್ಲ. ಅವಳನ್ನು ಕಂಡದ್ದೇ ಮುಖ ಅರಳಿತು.

"ಬಂದ್ಯಾ? ಲಗೂನ ಹಿಡಿ ಇದನ್ನ. ನಾಕ ನಟ್ಟಿನ ಮ್ಯಾಲ ಸ್ಟೆಪ್ನಿ ಕೂಡ್ರಿಸಿದ್ರ ಸದ್ಯೇಕ ನಡೀತದ. ಅವ್ರ ಏಳೂದ್ರಾಗ…"

ರೇಣು ಪಾನಾ ತೆಗೆದುಕೊಳ್ಳಲಿಲ್ಲ. ಮಣೆಯ ಮೇಲಿದ್ದ ಮುರಿದ ತುಂಡನ್ನು ಎತ್ತಿ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು.

"ಆ ಹುಡುಗ ಬಿಟ್ಟಾನಲ್ರಿ, ಮಾವಾರ," ಎಂದಳು.

ಪಾನಾವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿ ಕೆಳಗಿಟ್ಟು, ಆ ಕೈಗೆ ತಟ್ಟೆ ಕೊಟ್ಟಳು. ಹೋಳಿಗೆ ಬಿಸಿ ಇರೋದ್ರಾಗ ಉಣ್ಣಿರಿ ಎಂದು ಹೇಳಿ ಒಳಗೆ ಹೋದಳು. ಪಂಕ್ತಿಯಲ್ಲಿ ಯಾರೋ ಅನ್ನ ಕೇಳುತ್ತಿದ್ದರು.

ಮುಂದಿನ ಗಾಲಿಗಳ ಅಡಿಯಲ್ಲಿ ಲಿಂಬೆಹಣ್ಣುಗಳು ಹಾಗೇ ಇದ್ದವು. ರಾಮಲಿಂಗಪ್ಪ ತಟ್ಟೆ ಹಿಡಿದು ಕೂತಿದ್ದ. ಉಂಗುರ ತಟ್ಟೆಯ ಅಂಚಿಗೆ ಬಡಿಯುತ್ತಿತ್ತು, ಎರಡು ಸಲವಲ್ಲ, ನಿಲ್ಲದೆ.